ಬೆಂಕಿಯೊಡನೆ ಹೋರುವವರ ವಿದ್ಯಾಪರಂಪರೆ

ಪ್ರತಿವರ್ಷವೂ ಏಪ್ರಿಲ್ ತಿಂಗಳ ೧೪ನೆಯ ತಾರೀಖಿನಿಂದ ೨೦ನೆಯ ತಾರೀಖಿನವರೆಗೆ ದೇಶದ ಎಲ್ಲೆಡೆಯಲ್ಲಿಯೂ ಅಗ್ನಿಶಾಮಕ ಸೇವಾ ಸಪ್ತಾಹವು ಆಚರಿಸಲ್ಪಡುತ್ತದೆ. ಠಾಣೆಗಳ ಮುಂದೆ ಕೆಂಪು ವಾಹನಗಳು ಸಾಲಾಗಿ ನಿಲ್ಲುತ್ತವೆ. ಶಾಲೆಯ ಮಕ್ಕಳ ಮುಂದೆ ಏಣಿ ಹತ್ತುವ, ನೀರು ಚಿಮ್ಮಿಸುವ ಪ್ರದರ್ಶನಗಳು ನಡೆಯುತ್ತವೆ. ಅಧಿಕಾರಿಗಳು ಮೃತರ ಸ್ಮಾರಕಕ್ಕೆ ಹೂವೇರಿಸಿ, ಸಮಯೋಚಿತವಾದ ನಾಲ್ಕು ಮಾತುಗಳನ್ನಾಡಿ ಹಿಂದಿರುಗುತ್ತಾರೆ. ಎಂಟನೆಯ ದಿನಕ್ಕೆ ಎಲ್ಲವೂ ಮರೆತುಹೋಗುತ್ತದೆ. ಈ ಸಪ್ತಾಹವು ಯಾರ ಸ್ಮರಣಾರ್ಥವಾಗಿ ಏರ್ಪಟ್ಟಿತೆಂಬುದನ್ನು ನಮ್ಮ ಪೌರರಲ್ಲಿ ಎಷ್ಟು ಮಂದಿ ಬಲ್ಲರು? ಬಲ್ಲವರಲ್ಲಿಯೂ ಅದರಿಂದ ಕಲಿಯಬೇಕಾದ ಪಾಠವೇನೆಂದು ಯೋಚಿಸಿದವರೆಷ್ಟು?

೧೯೪೪ನೆಯ ಇಸವಿ ಏಪ್ರಿಲ್ ೧೪ರಂದು ಮುಂಬಯಿಯ ವಿಕ್ಟೋರಿಯಾ ಹಡಗುಕಟ್ಟೆಯಲ್ಲಿ ಫೋರ್ಟ್ ಸ್ಟೈಕೀನ್ ಎಂಬ ಹಡಗಿಗೆ ಬೆಂಕಿ ಬಿದ್ದಿತು. ಯುದ್ಧಕಾಲ. ಹಡಗಿನ ಹೊಟ್ಟೆಯಲ್ಲಿ ಸುಮಾರು ೧,೪೦೦ ಟನ್ನುಗಳಷ್ಟು ಸ್ಫೋಟಕ ಸಾಮಗ್ರಿ. ಅದೇ ಹಡಗಿನಲ್ಲಿ ಕರಾಚಿಯಲ್ಲಿ ತುಂಬಿದ ಹತ್ತಿಯ ಅಂಡಿಗೆಗಳು. ಇವೆರಡನ್ನೂ ಒಂದೇ ಹಡಗಿನಲ್ಲಿ ಹೇರಿ, ಜನನಿಬಿಡವಾದ ನಗರದ ಮಗ್ಗುಲಿಗೆ ತಂದು ನಿಲ್ಲಿಸಿದ ಜಾಣತನವು ಅಂದಿನ ಆಳರಸರದು. ಮಧ್ಯಾಹ್ನ ಹೊಗೆ ಕಂಡಿತು. ಅಗ್ನಿಶಾಮಕ ದಳದವರು ಧಾವಿಸಿದರು. ನೂರಾರು ಟನ್ನು ನೀರನ್ನು ಒಳಕ್ಕೆ ಸುರಿದರು. ಹಡಗನ್ನು ಅಲ್ಲಿಯೇ ಮುಳುಗಿಸಬೇಕೋ ಕಡಲಿಗೆ ಎಳೆದೊಯ್ಯಬೇಕೋ ಎಂಬುದನ್ನು ಮೇಲಿನವರು ಇತ್ಯರ್ಥಪಡಿಸುವುದರೊಳಗಾಗಿ ಕಾಲವು ಮಿಂಚಿಹೋಯಿತು. ನಾಲ್ಕು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಮೊದಲನೆಯ ಸ್ಫೋಟ, ಅರ್ಧ ಗಂಟೆಯೊಳಗೆ ಎರಡನೆಯದು. ಮಡಿದವರ ಸಂಖ್ಯೆ ನೂರುಗಳಲ್ಲಿ. ಅವರಲ್ಲಿ ೬೬ ಮಂದಿ ಕೊಳವೆ ಹಿಡಿದು ನಿಂತಿದ್ದ ಅಗ್ನಿಶಾಮಕರು. ಅವರ ನೆನಪಿಗಾಗಿಯೇ ಈ ಸಪ್ತಾಹ.

ಆ ೬೬ ಮಂದಿಯಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲವೆಂಬುದನ್ನು ಹೇಳಬೇಕಾಗಿಲ್ಲ. ಕೊರತೆಯಿದ್ದುದು ಅವರ ಸುತ್ತಲಿನ ವ್ಯವಸ್ಥೆಯಲ್ಲಿ. ತಿಳಿದವನು ಅಪ್ಪಣೆ ಕೊಡುವಂತೆಯೂ ಅಪ್ಪಣೆ ಕೊಡುವವನಿಗೆ ತಿಳಿದಿರುವಂತೆಯೂ ಮಾಡತಕ್ಕ ಏರ್ಪಾಡಿನಲ್ಲಿ. ನಾವು ಧೈರ್ಯವನ್ನು ಹೊಗಳುವುದರಲ್ಲಿ ಉದಾರಿಗಳು. ವಿದ್ಯೆಯನ್ನು ಬೆಳೆಸುವುದರಲ್ಲಿ ಕೃಪಣರು. ಆದರೆ ಬೆಂಕಿಯನ್ನು ಆರಿಸುವುದು ಕೇವಲ ಧೈರ್ಯದ ಕೆಲಸವಲ್ಲ, ಅದೊಂದು ವಿದ್ಯೆ. ಹಿರಿಯನ ಕೈಯಿಂದ ಕಿರಿಯನ ಕೈಗೆ ದಾಟಿದರೆ ಮಾತ್ರ ಉಳಿಯತಕ್ಕ ವಿದ್ಯೆ. ಅದು ನಮ್ಮಲ್ಲಿ ಸರಿಯಾಗಿ ದಾಟುತ್ತಿದೆಯೇ ಎಂಬುದೇ ಈ ಲೇಖನದ ಪ್ರಶ್ನೆ.

ಇದು ಹೊರಗಿನಿಂದ ಬಂದ ಹೊಸ ವಿಚಾರವೆಂದು ಯಾರೂ ಭಾವಿಸಬೇಕಾಗಿಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳವರು ೧೯೦೫ರಲ್ಲಿ ಗುರುತಿಸಿ, ೧೯೦೯ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಭಾಗವನ್ನು ನೋಡಬಹುದು. ಬೇಸಗೆಯಲ್ಲಿ ಹಗಲಿನ ನಡುವಣ ಹೊತ್ತಿನಲ್ಲಿ ಒಲೆ ಹೊತ್ತಿಸಿದವನಿಗೆ ದಂಡ. ಪ್ರತಿಯೊಂದು ಮನೆಯಲ್ಲಿಯೂ ನೀರಿನ ಕೊಡಗಳು, ದೋಣಿ, ಏಣಿ, ಕೊಡಲಿ, ಮೊರ, ಕೊಕ್ಕೆ, ತೊಗಲಿನ ಚೀಲ ಇರತಕ್ಕದ್ದು. ಬೆಂಕಿಯಿಂದ ಜೀವಿಸುವ ಕಸಬಿನವರು ಊರಿನಲ್ಲಿ ಒಂದೇ ಕಡೆ ವಾಸಿಸತಕ್ಕದ್ದು. ಬೀದಿಗಳಲ್ಲಿ ಸಾಲಾಗಿ ನೀರಿನ ಪಾತ್ರೆಗಳನ್ನಿರಿಸತಕ್ಕದ್ದು. ಉರಿಯುವ ಮನೆಯನ್ನು ಉಳಿಸಲು ಓಡಿಬಾರದ ಮನೆಯೊಡೆಯನಿಗೆ ೧೨ ಪಣ ದಂಡ, ಬಾಡಿಗೆಗಿರುವವನಿಗೆ ೬ ಪಣ. ಬೆಂಕಿಯನ್ನು ಎದುರಿಸುವುದು ಪೌರಧರ್ಮವೆಂದೂ ಸಿದ್ಧತೆಯು ಮೊದಲೇ ಆಗಬೇಕೆಂದೂ ಈ ನಾಡಿನ ಆಡಳಿತಶಾಸ್ತ್ರವು ಅಷ್ಟು ಹಿಂದೆಯೇ ಹೇಳಿತ್ತು. ಬೆಂಕಿ ಬಿದ್ದಾಗ ಬಾವಿ ತೋಡುವುದನ್ನು ಗಾದೆಯಲ್ಲಿ ಹಳಿದು ಆಚರಣೆಯಲ್ಲಿ ಅಪ್ಪಿಕೊಂಡವರು ನಾವು.

ಈಗಿನ ರೀತಿಯ ದಳಗಳಿಗೆ ಮೇಲ್ಪಂಕ್ತಿ ಹಾಕಿದವನು ಸ್ಕಾಟ್ಲೆಂಡಿನ ಜೇಮ್ಸ್ ಬ್ರೇಡ್‌ವುಡ್. ೧೮೨೪ರಲ್ಲಿ ಎಡಿನ್‌ಬರೋ ನಗರವು ತನ್ನ ಅಗ್ನಿಶಾಮಕ ದಳವನ್ನು ಅವನ ವಶಕ್ಕೆ ಕೊಟ್ಟಾಗ ಅವನಿಗೆ ೨೪ರ ಪ್ರಾಯ. ಅವನು ಆರಿಸಿಕೊಂಡವರು ಬಡಗಿಗಳು, ಕಲ್ಲುಕುಟಿಗರು, ಮಾಡು ಹೊದಿಸುವವರು, ಕೊಳಾಯಿ ಕೆಲಸದವರು. ಮನೆಯನ್ನು ಕಟ್ಟಬಲ್ಲವನಿಗೆ ಅದು ಉರಿಯುವಾಗ ಮೊದಲು ಯಾವ ಭಾಗವು ಕುಸಿಯುವುದೆಂಬುದೂ ತಿಳಿದಿರುತ್ತದೆಯಲ್ಲವೆ? ಅವರನ್ನು ಬೆಳಗಿನ ಜಾವದ ಕತ್ತಲೆಯಲ್ಲಿ ಕವಾಯತಿಗೆ ನಿಲ್ಲಿಸಿದನು. ಹೊರಗೆ ನಿಂತು ನೀರು ಎರಚುವುದನ್ನು ಬಿಡಿಸಿ, ಒಳಹೊಕ್ಕು ಬೆಂಕಿಯ ಬುಡಕ್ಕೇ ನೀರು ಬಿಡುವುದನ್ನು ಅಭ್ಯಾಸ ಮಾಡಿಸಿದನು. ಹೊಗೆ ತುಂಬಿದ ಕೋಣೆಯಲ್ಲಿ ನೆಲಕ್ಕೆ ಬಾಗಿ ತೆವಳಬೇಕೆಂದು ಕಲಿಸಿದನು. ೧೮೩೦ರಲ್ಲಿ ತನ್ನ ಅನುಭವವನ್ನೆಲ್ಲ ಪುಸ್ತಕವಾಗಿ ಬರೆದನು. ೧೮೩೩ರಲ್ಲಿ ಲಂಡನ್ ನಗರವು ಅವನನ್ನು ಕರೆಸಿಕೊಂಡಿತು. ೧೮೬೧ರ ಜೂನ್ ೨೨ರಂದು ಟೂಲಿ ಬೀದಿಯ ಮಹಾಗ್ನಿಯಲ್ಲಿ, ದಣಿದ ತನ್ನವರನ್ನು ಉಪಚರಿಸುತ್ತಿದ್ದಾಗ ಗೋಡೆ ಕುಸಿದು ಅವನು ಮಡಿದನು. ಆದರೆ ಅವನು ಪಳಗಿಸಿದವರು ಉಳಿದರು. ಅವರು ಮತ್ತಷ್ಟು ಮಂದಿಯನ್ನು ಪಳಗಿಸಿದರು. ಪರಂಪರೆಯೆಂದರೆ ಇದು.

ಪುಸ್ತಕವಿದ್ದ ಮೇಲೆ ಗುರುವೇಕೆ ಎಂದು ಕೆಲವರು ಕೇಳಬಹುದು. ಒಂದೆರಡು ನಿದರ್ಶನಗಳಿಂದ ಈ ಸಂಶಯವು ಪರಿಹಾರವಾಗುವುದು. ಬಾಗಿಲು ಕಿಟಕಿಗಳು ಮುಚ್ಚಿದ ಕೋಣೆಯಲ್ಲಿ ಬೆಂಕಿಯು ಒಳಗಿನ ಪ್ರಾಣವಾಯುವನ್ನೆಲ್ಲ ತಿಂದು ತಣ್ಣಗಾದಂತೆ ತೋರುತ್ತದೆ. ಜ್ವಾಲೆ ಕಾಣುವುದಿಲ್ಲ; ದಟ್ಟವಾದ ಹೊಗೆ ಮಾತ್ರ. ಆ ಹೊಗೆಯೇ ಉರುವಲೆಂಬುದು ಹೊಸಬನಿಗೆ ಹೊಳೆಯುವುದಿಲ್ಲ. ಅವನು ಬಾಗಿಲನ್ನು ಒದ್ದು ತೆರೆದರೆ ಹೊರಗಿನ ಗಾಳಿ ಒಳನುಗ್ಗಿ, ಕೋಣೆಯೆಲ್ಲ ಒಂದೇ ಕ್ಷಣದಲ್ಲಿ ಸಿಡಿದು ಅವನನ್ನು ನುಂಗುತ್ತದೆ. ಹಳಬನು ಮೊದಲು ನಿಂತು ನೋಡುತ್ತಾನೆ: ಕಿಟಕಿಯ ಗಾಜು ಕಪ್ಪಿಟ್ಟಿದೆಯೇ, ಬಾಗಿಲಿನ ಸಂದಿಯಲ್ಲಿ ಹೊಗೆಯು ಉಸಿರಾಡುವಂತೆ ಒಳಕ್ಕೂ ಹೊರಕ್ಕೂ ಆಡುತ್ತಿದೆಯೇ, ಅಂಗೈಯ ಹಿಂಬದಿಗೆ ಬಾಗಿಲು ಎಷ್ಟು ಬಿಸಿ ತಾಗುತ್ತದೆ ಎಂದು. ಈ ಲಕ್ಷಣಗಳನ್ನು ಪುಸ್ತಕವೂ ಹೇಳೀತು. ಆದರೆ ಜನರ ಕೂಗು, ಗಂಟೆಯ ಸದ್ದು, ಮೇಲಿನವರ ಅವಸರ ಇವುಗಳ ನಡುವೆ ಕೈ ತಡೆದು ನಿಲ್ಲುವ ಸಂಯಮವನ್ನು ಪುಸ್ತಕವು ಕೊಡಲಾರದು. ಭುಜದ ಮೇಲೆ ಹಿರಿಯನ ಕೈಯಿರಬೇಕು.

ಅಡಿಗೆಯ ಅನಿಲದ ಸಿಲಿಂಡರಿನ ಬಾಯಲ್ಲಿ ಉರಿ ಹತ್ತಿದಾಗ ಅದನ್ನು ಊದಿ ಆರಿಸಿಬಿಡೋಣವೆಂದು ಯಾರಿಗಾದರೂ ತೋರುತ್ತದೆ. ಅನಿಲವನ್ನು ನಿಲ್ಲಿಸದೆ ಉರಿಯನ್ನು ಮಾತ್ರ ಆರಿಸಿದರೆ, ಹೊರಬಂದ ಅನಿಲವು ನೆಲದ ಮೇಲೆ ಹರಡಿ, ಮತ್ತೊಂದು ಕಿಡಿ ತಾಗಿದೊಡನೆ ಮನೆಯನ್ನೇ ಹಾರಿಸುತ್ತದೆ. ಹಳೆಯ ಬಾವಿಯೊಳಗೆ ಇಳಿದವನು ವಿಷವಾಯುವಿನಿಂದ ಮೂರ್ಛೆ ಹೋದಾಗ ಅವನನ್ನು ಎತ್ತಲು ಅಣ್ಣ ಇಳಿಯುತ್ತಾನೆ, ಅಣ್ಣನನ್ನು ಎತ್ತಲು ನೆರೆಯವನು ಇಳಿಯುತ್ತಾನೆ. ಕೊನೆಗೆ ಮೂರು ಹೆಣಗಳು ಮೇಲೆ ಬರುತ್ತವೆ. ಇಂಥ ಸುದ್ದಿಯನ್ನು ಓದದ ವಾಚಕರು ಯಾರಿದ್ದಾರೆ? ಅಗ್ನಿಶಾಮಕನು ಉಸಿರಾಟದ ಉಪಕರಣವನ್ನು ಬೆನ್ನಿಗೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಮೇಲೆ ನಿಂತ ಜೊತೆಗಾರನಿಗೆ ಸಂಜ್ಞೆ ಹೇಳಿಕೊಟ್ಟ ಮೇಲಲ್ಲದೆ ಇಳಿಯುವುದಿಲ್ಲ. ಕರುಣೆಯ ತ್ವರೆಯನ್ನು ಕ್ರಮಕ್ಕೆ ಒಳಪಡಿಸುವುದೇ ಅವನ ಶಿಕ್ಷಣದ ಸಾರ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗ್ಯಾರಿ ಕ್ಲೈನ್ ಎಂಬವರು ೧೯೮೦ರ ದಶಕದಲ್ಲಿ ಅಗ್ನಿಶಾಮಕ ದಳದ ನಾಯಕರನ್ನು ಕುರಿತು ವಿಚಾರಣೆ ನಡೆಸಿದರು. ಅಪಾಯದ ನಡುವೆ ಈ ನಾಯಕರು ಎರಡು ಮಾರ್ಗಗಳನ್ನು ಎದುರಿಗಿಟ್ಟುಕೊಂಡು ತೂಗಿ ನೋಡುವರೆಂದು ಅವರು ಊಹಿಸಿದ್ದರು. ಕಂಡುಬಂದುದು ಬೇರೆ: ಹಿಂದೆ ನೋಡಿದ ನೂರಾರು ಬೆಂಕಿಗಳ ನೆನಪಿನಲ್ಲಿ ಎದುರಿನ ಬೆಂಕಿಯ ಗುರುತು ಹಿಡಿದು, ಮೊದಲು ಹೊಳೆದ ಮಾರ್ಗವನ್ನೇ ಮನಸ್ಸಿನಲ್ಲಿ ಒಮ್ಮೆ ನಡೆಸಿ ನೋಡಿ ಕೈಗೊಳ್ಳುತ್ತಿದ್ದರು. ಹೀಗಿರಲು, ಅನುಭವವೇ ಇಲ್ಲದವನಿಗೆ ಗುರುತು ಹಿಡಿಯುವುದಕ್ಕೆ ಏನಿದೆ? ತನ್ನದಾದ ಅನುಭವವು ಬರುವವರೆಗೆ ಹಿರಿಯನ ಅನುಭವವೇ ಅವನ ಮೂಲಧನ.

ಈ ಸಂಬಂಧವು ಮೊದಲೇ ಬೆಳೆದಿರದಿದ್ದರೆ ಏನಾಗುವುದೆಂಬುದಕ್ಕೆ ೧೯೪೯ರ ಆಗಸ್ಟ್ ೫ರಂದು ಅಮೆರಿಕದ ಮಾಂಟಾನಾ ಪ್ರಾಂತದ ಮ್ಯಾನ್ ಗಲ್ಚ್ ಎಂಬ ಕಣಿವೆಯಲ್ಲಿ ನಡೆದುದೇ ಸಾಕ್ಷಿ. ವಿಮಾನದಿಂದ ಧುಮುಕಿ ಕಾಡುಕಿಚ್ಚನ್ನು ಆರಿಸುವ ೧೫ ಮಂದಿ ತರುಣರಿಗೆ ನೆಲದ ಮೇಲೆ ಇನ್ನೊಬ್ಬನು ಸೇರಿ ೧೬ ಮಂದಿಯಾಗಿದ್ದರು. ಕಿಚ್ಚು ಹುಲ್ಲಿಗೆ ಹತ್ತಿ ಅವರನ್ನು ಬೆನ್ನಟ್ಟಿತು. ನಾಯಕನಾದ ವ್ಯಾಗ್ನರ್ ಡಾಜ್ ಎಂಬುವನು ಓಡುವುದನ್ನು ನಿಲ್ಲಿಸಿ, ತನ್ನ ಮುಂದಿನ ಹುಲ್ಲಿಗೆ ತಾನೇ ಬೆಂಕಿಯಿಟ್ಟು, ಸುಟ್ಟ ಬೂದಿಯ ಮೇಲೆ ಮಲಗಿ, ಉಳಿದವರನ್ನೂ ಅಲ್ಲಿಗೆ ಕರೆದನು. ಸುಟ್ಟ ಜಾಗದಲ್ಲಿ ಮತ್ತೆ ಸುಡುವುದಕ್ಕೇನೂ ಇರಲಿಲ್ಲ. ಕಿಚ್ಚು ಅವನನ್ನು ಬಳಸಿ ಹಾದುಹೋಯಿತು. ಆದರೆ ಅವನ ಕರೆಗೆ ಯಾರೂ ಓಗೊಡಲಿಲ್ಲ. ೧೩ ಮಂದಿ ಸತ್ತರು. ಈ ಉಪಾಯವನ್ನು ಅವರ ಶಿಕ್ಷಣದಲ್ಲಿ ಯಾರೂ ಕಲಿಸಿರಲಿಲ್ಲ. ಅವರು ಒಬ್ಬನೇ ನಾಯಕನ ಕೈಕೆಳಗೆ ಬಹುಕಾಲ ಕೂಡಿ ಪಳಗಿದವರೂ ಆಗಿರಲಿಲ್ಲ. ಬೆಂಕಿಯಿಂದ ಓಡುವಾಗ ಬೆಂಕಿಯಿಡುವ ನಾಯಕನು ಅವರ ಕಣ್ಣಿಗೆ ಮತಿಗೆಟ್ಟವನಂತೆ ತೋರಿರಬೇಕು. ಸರಿಯಾದ ಅಪ್ಪಣೆಯಿತ್ತು, ಅದನ್ನು ನಂಬುವುದಕ್ಕೆ ಬೇಕಾದ ಪೂರ್ವಪರಿಚಯವಿರಲಿಲ್ಲ. ಆ ದೇಶದವರು ಅದನ್ನು ವಿಧಿಯೆಂದು ಬಿಡಲಿಲ್ಲ. ಇಂಥ ದುರಂತಗಳನ್ನು ಪರಿಶೀಲಿಸಿ ೧೯೫೭ರಲ್ಲಿ ಕಾಡುಕಿಚ್ಚಿನ ಕೆಲಸಗಾರರಿಗೆ ಹತ್ತು ಆಜ್ಞೆಗಳನ್ನು ರೂಪಿಸಿದರು.

ಪರಂಪರೆಯೆಂದುದೆಲ್ಲವೂ ಪೂಜ್ಯವೆಂದು ನಾವು ಹೇಳುವುದಿಲ್ಲ. ಅದರಲ್ಲಿ ಕಾಳಿನೊಂದಿಗೆ ಜೊಳ್ಳೂ ಇದೆ. ಮುಖವಾಡವಿಲ್ಲದೆ ಹೊಗೆಯನ್ನು ನುಂಗುವವನೇ ಗಂಡಸು, ಮಸಿ ಹಿಡಿದ ಅಂಗಿಯೇ ಪದಕ, ಪ್ರಶ್ನೆ ಕೇಳುವ ಹೊಸಬನು ಅಂಜುಬುರುಕ ಎಂಬ ಭಾವನೆಗಳು ಅನೇಕ ದೇಶಗಳ ದಳಗಳಲ್ಲಿ ತಲೆಮಾರುಗಳಿಂದ ನಡೆದುಬಂದಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೨೨ರಲ್ಲಿ ಅಗ್ನಿಶಾಮಕನ ವೃತ್ತಿಯನ್ನೇ ಕ್ಯಾನ್ಸರುಕಾರಕವೆಂದು ಮೊದಲನೆಯ ವರ್ಗಕ್ಕೆ ಸೇರಿಸಿದೆ. ಇಂದಿನ ಮನೆಗಳಲ್ಲಿ ಉರಿಯುವುದು ಮರ ಹತ್ತಿಗಳು ಮಾತ್ರವಲ್ಲ. ಪ್ಲಾಸ್ಟಿಕ್, ಫೋಮ್, ಬಣ್ಣ, ಬ್ಯಾಟರಿಗಳು. ಅವುಗಳ ಹೊಗೆಯು ಉಡುಪಿಗೆ ಅಂಟಿ, ಚರ್ಮದಿಂದಲೂ ದೇಹವನ್ನು ಹೊಗುತ್ತದೆ. ಅಂಗಿಯ ಮಸಿಯನ್ನು ತೊಳೆಯುವುದೂ ಈಗ ಶಿಕ್ಷಣದ ಭಾಗವಾಗಬೇಕು. ಆದುದರಿಂದ ಒಳ್ಳೆಯ ಗುರುವೆಂದರೆ ತಾನು ಕಲಿತುದನ್ನೆಲ್ಲ ಹಾಗೆಯೇ ಒಪ್ಪಿಸುವವನಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವನ್ನೂ ಒಪ್ಪಿಸುವವನು.

ಇನ್ನು ನಮ್ಮ ದೇಶದ ವ್ಯವಸ್ಥೆಯನ್ನು ನೋಡೋಣ. ಸ್ವಾತಂತ್ರ್ಯಾನಂತರ ಏನೂ ಆಗಿಲ್ಲವೆಂದರೆ ಅನ್ಯಾಯವಾದೀತು. ೧೯೫೬ರಲ್ಲಿ ರಾಮಪುರದಲ್ಲಿ ಆರಂಭವಾದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಮರುವರ್ಷವೇ ನಾಗಪುರಕ್ಕೆ ಬಂದಿತು. ದೇಶದ ನಾನಾ ಭಾಗಗಳ ಅಧಿಕಾರಿಗಳು ಅಲ್ಲಿ ತರಬೇತು ಪಡೆದಿದ್ದಾರೆ. ನಮ್ಮ ರಾಜ್ಯದ ದಳಕ್ಕೆ ೧೯೬೪ರ ಅಧಿನಿಯಮದಿಂದ ಕಾನೂನಿನ ಆಧಾರ ದೊರೆಯಿತು. ಮುಂಬಯಿಯಲ್ಲಿ ದಳವು ನಗರಪಾಲಿಕೆಯ ಅಧೀನದಲ್ಲಿದ್ದರೆ, ನಮ್ಮಲ್ಲಿ ಅದು ರಾಜ್ಯ ಸರಕಾರದ ಇಲಾಖೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಆರ್. ಎ. ಮುಂಡ್ಕೂರ್ ಅವರ ಹೆಸರಿನ ಅಕಾಡೆಮಿಯಿದೆ. ೨೦೨೩ರಲ್ಲಿ ಕೇಂದ್ರ ಸರಕಾರವು ರಾಜ್ಯಗಳ ಅಗ್ನಿಶಾಮಕ ಸೇವೆಗಳ ವಿಸ್ತರಣಕ್ಕೂ ಆಧುನಿಕೀಕರಣಕ್ಕೂ ಒಟ್ಟು ೫,೦೦೦ ಕೋಟಿ ರೂಪಾಯಿಗಳ ಯೋಜನೆಯನ್ನು ಸಾರಿತು. ಇವೆಲ್ಲವೂ ಸ್ತುತ್ಯವೇ.

ಆದರೆ ಹಣವು ವಾಹನವನ್ನು ಕೊಳ್ಳಬಲ್ಲದು, ಅನುಭವವನ್ನು ಕೊಳ್ಳಲಾರದು. ಎತ್ತರದ ಏಣಿಯ ವಾಹನವನ್ನು ತರಿಸಿ, ಅದರ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಳ್ಳುವುದು ಸುಲಭ. ಅದನ್ನು ಇಕ್ಕಟ್ಟಿನ ಪೇಟೆಯ ಬೀದಿಯಲ್ಲಿ, ವಿದ್ಯುತ್ ತಂತಿಗಳ ನಡುವೆ, ಮಧ್ಯರಾತ್ರಿಯಲ್ಲಿ ನಿಲ್ಲಿಸಬಲ್ಲ ಮನುಷ್ಯನನ್ನು ತಯಾರಿಸಲು ವರ್ಷಗಳು ಬೇಕು. ಹುದ್ದೆಗಳನ್ನು ಬಹುಕಾಲ ಖಾಲಿಯಿಟ್ಟು, ಆಮೇಲೆ ಒಂದೇ ಸಾರಿಗೆ ದೊಡ್ಡ ತಂಡವನ್ನು ನೇಮಿಸುವ ಪದ್ಧತಿಯಿರುವ ಕಡೆಗಳಲ್ಲೆಲ್ಲ ಈ ಸರಪಣಿಯು ಕಡಿದುಹೋಗುತ್ತದೆ. ಹಳಬರು ನಿವೃತ್ತರಾದ ಮೇಲೆ ಹೊಸಬರು ಬಂದರೆ ಕಲಿಸುವವರು ಯಾರು? ನಡುವಿನ ತಲೆಮಾರೇ ಇಲ್ಲದ ಮನೆಯಂತೆ, ಅಜ್ಜನೂ ಇಲ್ಲದೆ ಅಪ್ಪನೂ ಇಲ್ಲದೆ ಮಕ್ಕಳು ತಾವೇ ಬಿದ್ದು ಎದ್ದು ಕಲಿಯಬೇಕಾಗುತ್ತದೆ. ಬೆಂಕಿಯ ಮುಂದೆ ಬಿದ್ದವನು ಏಳುವನೆಂಬ ಭರವಸೆಯಿಲ್ಲ. ೨೦೦೧ರ ಸೆಪ್ಟೆಂಬರ್ ೧೧ರಂದು ನ್ಯೂಯಾರ್ಕಿನ ದಳವು ೩೪೩ ಮಂದಿಯನ್ನು ಒಂದೇ ಬೆಳಗಿನಲ್ಲಿ ಕಳೆದುಕೊಂಡಿತು. ಅವರಲ್ಲಿ ಬಹಳ ಅನುಭವಸ್ಥರಾದ ನಾಯಕರಿದ್ದರು. ಅವರ ಸ್ಥಾನಗಳನ್ನು ತುಂಬಿದರೂ ಅವರ ತಲೆಯಲ್ಲಿದ್ದುದನ್ನು ಕೂಡಲೆ ತುಂಬಲಾಗುವುದಿಲ್ಲ. ವಿಪತ್ತಿನಿಂದ ಆ ನಗರಕ್ಕೆ ಒದಗಿದ ನಷ್ಟವನ್ನು ನಾವು ಕಡತಗಳ ಆಲಸ್ಯದಿಂದ ತಂದುಕೊಳ್ಳಬೇಕೆ?

ವರ್ಷದಲ್ಲಿ ಬಹುಪಾಲು ದಿನ ಸುಮ್ಮನೆ ಕುಳಿತಿರುವ ದಳಕ್ಕೆ ಅಷ್ಟು ಮಂದಿ ಏತಕ್ಕೆಂಬ ವಾದವು ಹಣಕಾಸಿನ ಇಲಾಖೆಗಳಿಂದ ಎಲ್ಲ ಕಾಲದಲ್ಲಿಯೂ ಬರುತ್ತದೆ. ಪ್ರಾಮಾಣಿಕವಾದ ವಾದವೇ; ಉತ್ತರವೂ ಪ್ರಾಮಾಣಿಕವಾಗಿರಲಿ. ಬೆಂಕಿಯಿಲ್ಲದ ದಿನವೇ ಅಗ್ನಿಶಾಮಕನ ಪಾಠದ ದಿನ. ಅಂದು ಕವಾಯತು ನಡೆಯದೆ, ಪೇಟೆಯ ನೀರಿನ ಮೂಲಗಳನ್ನು ಗುರುತಿಸದೆ, ಆಸ್ಪತ್ರೆ ಸಿನಿಮಾ ಮಂದಿರಗಳ ಒಳದಾರಿಗಳನ್ನು ನಡೆದು ನೋಡದೆ ಸುಮ್ಮನೆ ಕುಳಿತಿದ್ದರೆ ದೋಷವು ಸಂಖ್ಯೆಯದಲ್ಲ, ನಡೆಸುವವರದು. ಅಲ್ಲದೆ ಹೊಸಬರನ್ನು ಬೇರೆ ಬೇರೆ ಇಲಾಖೆಗಳ ಬಂದೋಬಸ್ತು, ಮೆರವಣಿಗೆ, ಸಮಾರಂಭಗಳಿಗೆ ಕಳುಹಿಸಿ ಪಾಠದ ಹೊತ್ತನ್ನು ಕಸಿದುಕೊಂಡರೆ ಅದರ ಬೆಲೆಯನ್ನು ತೆರುವವರು ಪ್ರಜೆಗಳು.

ಹೀಗಾದರೆ ಮಾಡತಕ್ಕುದೇನು? ಪ್ರಥಮತಃ, ನೇಮಕವು ಪ್ರತಿವರ್ಷವೂ ಸ್ವಲ್ಪ ಸ್ವಲ್ಪವಾಗಿ, ತಪ್ಪದೆ ನಡೆಯಲಿ. ಹರಿಯುವ ನೀರಿನಂತೆ ಹಳಬರ ಹಿಂದೆಯೇ ಹೊಸಬರು ಬರುತ್ತಿರಲಿ. ಎರಡನೆಯದಾಗಿ, ಅಕಾಡೆಮಿಯಿಂದ ಹೊರಬಂದ ಪ್ರತಿಯೊಬ್ಬ ತರುಣನನ್ನೂ ತರುಣಿಯನ್ನೂ ಠಾಣೆಯಲ್ಲಿ ಒಬ್ಬ ನಿರ್ದಿಷ್ಟ ಹಿರಿಯನ ಕೈಗೆ ಒಪ್ಪಿಸಲಿ. ಇವನು ಏನೇನನ್ನು ಕಲಿತನೆಂಬುದಕ್ಕೆ ಆ ಹಿರಿಯನು ಸಹಿ ಹಾಕಿ ಹೊಣೆ ಹೊರಲಿ. ಮೂರನೆಯದಾಗಿ, ಶಿಕ್ಷಕನ ಹುದ್ದೆಯನ್ನು ಬೇಡದವರನ್ನು ದೂಡುವ ಮೂಲೆಯನ್ನಾಗಿ ಮಾಡದೆ ಅತ್ಯುತ್ತಮರಿಗೆ ಸಲ್ಲುವ ಗೌರವವನ್ನಾಗಿ ಮಾಡಲಿ. ಭತ್ಯವೂ ಬಡತಿಯೂ ಅದಕ್ಕೆ ತಕ್ಕಂತಿರಲಿ. ನಾಲ್ಕನೆಯದಾಗಿ, ಪ್ರತಿಯೊಂದು ದೊಡ್ಡ ಬೆಂಕಿಯ ತರುವಾಯ, ತಪ್ಪಿತಸ್ಥರನ್ನು ಹಿಡಿಯುವ ವಿಚಾರಣೆಯಲ್ಲದೆ, ಏನು ಕಲಿತೆವೆಂದು ಕೇಳುವ ವಿಚಾರಣೆಯೂ ಪ್ರತ್ಯೇಕವಾಗಿ ನಡೆಯಲಿ. ಅದರ ಫಲವು ಕನ್ನಡದಲ್ಲಿ ಅಚ್ಚಾಗಿ ಎಲ್ಲ ಠಾಣೆಗಳಿಗೂ ತಲುಪಲಿ. ಬೆಂಕಿಯ ಮುಂದೆ ನಿಲ್ಲುವವನು ಕೊಳವೆ ಹಿಡಿಯುವ ಕೆಳದರ್ಜೆಯ ನೌಕರನು. ಅವನ ಪಾಠವು ಅವನ ಭಾಷೆಯಲ್ಲಿರಬೇಡವೆ? ಐದನೆಯದಾಗಿ, ನಿವೃತ್ತರಾದ ನಿಪುಣರನ್ನು ವರ್ಷಕ್ಕೆ ಕೆಲವು ವಾರಗಳಾದರೂ ಪಾಠಕ್ಕೆ ಕರೆಸಿಕೊಳ್ಳಲಿ. ಈ ಐದರಲ್ಲಿ ಒಂದಕ್ಕೂ ವಿದೇಶದಿಂದ ಯಂತ್ರ ತರಿಸಬೇಕಾಗಿಲ್ಲ.

ಪೌರರಾದ ನಮ್ಮ ಪಾಲನ್ನೂ ಮರೆಯುವಂತಿಲ್ಲ. ೧೯೮೧ರ ಫೆಬ್ರವರಿ ೭ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ೯೨ ಮಂದಿ ಸತ್ತರು, ಬಹುಮಂದಿ ಮಕ್ಕಳು. ೨೦೧೦ರ ಫೆಬ್ರವರಿ ೨೩ರಂದು ಅದೇ ನಗರದ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ, ಹೊಗೆಯನ್ನು ತಾಳಲಾರದೆ ಕಿಟಕಿಯಿಂದ ಧುಮುಕಿದವರೂ ಸೇರಿ ೯ ಮಂದಿ ಮಡಿದರು. ದಳವು ಎಷ್ಟು ನಿಪುಣವಾಗಿದ್ದರೂ, ನಾವು ತುರ್ತು ಬಾಗಿಲಿಗೆ ಬೀಗ ಹಾಕಿ ಅದರ ಮುಂದೆ ಸಾಮಾನು ಪೇರಿಸಿದರೆ, ಬೀದಿಯಲ್ಲಿ ಬಂಡಿಗಳನ್ನು ಅಡ್ಡ ನಿಲ್ಲಿಸಿದರೆ, ಕಟ್ಟಡದ ಅನುಮತಿಯನ್ನು ಶಿಫಾರಸಿನಿಂದ ದೊರಕಿಸಿಕೊಂಡರೆ, ಅವರ ವಿದ್ಯೆಯು ನಮ್ಮ ಬಾಗಿಲಿನ ಹೊರಗೇ ನಿಲ್ಲುತ್ತದೆ. ಸಂವಿಧಾನದ ಹನ್ನೆರಡನೆಯ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆಯನ್ನು ನಗರಸಭೆಗಳಿಗೆ ವಹಿಸಬಹುದಾದ ಕಾರ್ಯಗಳ ಪಟ್ಟಿಗೆ ಸೇರಿಸಿರುವುದರ ಅರ್ಥವೂ ಇದೇ: ಇದು ಊರಿನವರ ಕೆಲಸ, ದೂರದ ಯಾವುದೋ ಕಚೇರಿಯದು ಮಾತ್ರವಲ್ಲ. ಉರಿಯುವ ಮನೆಗೆ ಓಡಿಬಾರದವನಿಗೆ ಕೌಟಿಲ್ಯನು ಹನ್ನೆರಡು ಪಣಗಳ ದಂಡ ವಿಧಿಸಿದ್ದನು. ಇಂದು ನಾವು ಓಡಿಹೋಗಬೇಕಾಗಿಲ್ಲ. ಓಡಿಬರುವವರಿಗೆ ದಾರಿ ಬಿಟ್ಟರೆ ಸಾಕು.

ಮುಂಬಯಿಯ ಆ ೬೬ ಮಂದಿಗೆ ಹೂವಿನ ಹಾರಗಳು ಇನ್ನೂ ಬೇಕಾದಷ್ಟು ದೊರೆಯುತ್ತವೆ. ಅವರು ಕಲಿತಿದ್ದುದನ್ನೂ, ಅವರ ಸಾವಿನಿಂದ ಕಲಿಯಬೇಕಾಗಿದ್ದುದನ್ನೂ ಮುಂದಿನ ತರುಣನ ಕೈಗೆ ಕೊಡುವ ಕೆಲಸವು ಮಾತ್ರ ಸಪ್ತಾಹದಲ್ಲಿ ಮುಗಿಯತಕ್ಕುದಲ್ಲ. ಅದು ವರ್ಷದ ಉಳಿದ ಐವತ್ತೊಂದು ವಾರಗಳ ಕೆಲಸ. ಸರಕಾರದವರು ಈ ವರ್ಷದ ಆಯವ್ಯಯದಲ್ಲಿ ವಾಹನಗಳಿಗೆಂದು ಬರೆಯುವ ಅಂಕಿಯ ಪಕ್ಕದಲ್ಲಿ ಶಿಕ್ಷಕರಿಗೆಂದು ಎಷ್ಟು ಬರೆಯುವರೆಂಬುದನ್ನು ವಾಚಕರು ಗಮನಿಸಲಿ. ತಮ್ಮ ಪ್ರತಿನಿಧಿಗಳನ್ನು ಆ ಬಗ್ಗೆ ಪ್ರಶ್ನಿಸಲಿ.